ತಲೆ ತಗ್ಗಿಸಿದ ಸೊಸೆ

"ನನ್ ಸೊಸೆ ಒಂದಿನಾನೂ ನನ್ ಮುಂದೆ ತಲೆ ಎತ್ತಿ ಮಾತಾಡ್ದೋಳಲ್ಲ ಕಣವ್ವ!" ನಮ್ಮ ಅತ್ತೆ ನಮ್ಮೂರು ಗಾವಡಗೆರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ನಾನು ಅಂಥ ಸಾಧ್ವಿಯೇನಲ್ಲ, ನನ್ನ ಬಾಯಿ ಗಂಡನಿಗೆ ಗೊತ್ತು. ಇಪ್ಪತ್ತು ವರ್ಷ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಮುಂದೆ ತಲೆ ಬಗ್ಗಿಸಿ ಕೂತು, ಬೆಂದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡಿದವಳು ನಾನು. ಬಗ್ಗಿದ ಕತ್ತು ಬರಬರುತ್ತ ಮೇಲಕ್ಕೇಳದಂತಾಗಿತ್ತು. ಆದರೆ ಬಿಟ್ಟಿ ಬಂದ ಒಳ್ಳೆಯ ಹೆಸರನ್ನು ಯಾರಾದರೂ ಬೇಡ ಅನ್ನುತ್ತಾರಾ? ನೋವು ನುಂಗಿಕೊಂಡು ಸುಮ್ಮನಿದ್ದೆ.

ಕೊನೆಗೆ ಗದ್ದ ಎದೆಗೆ ತಾಗುವಷ್ಟಾಯಿತು. ಎದುರು ಬಂದವರನ್ನು ಪಾದ ನೋಡಿ ಗುರುತಿಸುತ್ತಿದ್ದೆ. ಒಂದು ಬೆಳಿಗ್ಗೆ ರವಿಕೆಯ ಗುಂಡಿ ಹಾಕಲು ಹೋದರೆ ಬೆರಳುಗಳು ನನ್ನ ಮಾತೇ ಕೇಳಲಿಲ್ಲ. ಹೆದರಿ ಗಂಡನ ಹತ್ತಿರ ಎಲ್ಲ ಬಾಯಿಬಿಟ್ಟೆ. ಯಜಮಾನರು ಮೈಸೂರಿಗೆ ಕರೆದುಕೊಂಡು ಹೋದರು.

ಕತ್ತಿನ ಮೂಳೆಗಳ ನಡುವಿನ ಡಿಸ್ಕುಗಳು ಸವೆದು ಕುಸಿದಿವೆ, ಕತ್ತು ಮುಂದಕ್ಕೆ ಬಾಗಿ ಒಳಗಿನ ನರ ಒತ್ತಿಕೊಂಡಿದೆ, ಹೀಗೇ ಬಿಟ್ಟರೆ ಕೈಕಾಲು ಸೋಲುತ್ತವೆ ಅಂದರು ಡಾಕ್ಟರು. ಆಮೇಲೆ ನನ್ನನ್ನು ಅಂಗಾತ ಮಲಗಿಸಿ, ತಲೆಯನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಿ ಎಕ್ಸ್‌ರೇ ತೆಗೆಸಿದರು.

"ಪುಣ್ಯಕ್ಕೆ ಕತ್ತು ಇನ್ನೂ ಬಿಗಿದುಕೊಂಡಿಲ್ಲಮ್ಮ. ಮುಂದಿನಿಂದ, ಗಂಟಲ ಪಕ್ಕದಲ್ಲಿ ಕುಯ್ದು ಸವೆದ ಡಿಸ್ಕ್ ತೆಗೀತೀವಿ. ಆ ಜಾಗಕ್ಕೆ ಆಸರೆ ಕೊಟ್ಟು, ಕತ್ತು ನೆಟ್ಟಗೆ ಮಾಡಿ, ಪ್ಲೇಟು ಸ್ಕ್ರೂ ಹಾಕ್ತೀವಿ. ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿದ್ರೆ ಹಿಂದಿನಿಂದಲೂ ಕುಯ್ಯಬೇಕಾಗ್ತಿತ್ತು."

"ಕತ್ತು ಎತ್ತಕ್ಕೆ ಗಂಟ್ಲು ಕುಯ್ತೀರಾ?" ರೇಗಿಬಿಟ್ಟೆ.

"ಸ್ವಲ್ಪ ದಿನ ದನಿ ಕೂತರೂ ಕೂರಬಹುದು," ಅಂದರು.

"ಅದೊಂದು ಒಳ್ಳೇದೇ ಬುಡಿ ಸಾರ್," ಅಂದರು ನಮ್ಮ ಯಜಮಾನರು! ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆಸ್ಪತ್ರೆಗೆ ಸೇರಲು ಹೊರಟ ದಿನ ಅತ್ತೆ ಬಾಗಿಲಲ್ಲಿ ನಿಂತು, "ಕತ್ತು ನೋಯ್ತದೆ ಅಂತ ಒಂದು ಮಾತು ಯಾಕವ್ವಾ ಯೋಳ್ನಿಲ್ಲ?" ಅಂದರು. ನನಗೆ ಕಂಡದ್ದು ಅವರ ಪಾದ ಮಾತ್ರ. ನಿಮ್ಮ ಹೊಗಳಿಕೆಗೆ ಮರುಳಾಗಿದ್ದೆ ಅನ್ನಲೇ?

ಆಪರೇಷನ್ ಮುಗಿದು ಎಚ್ಚರವಾದಾಗ ಮೊದಲು ಬೆರಳು ಆಡಿಸಿ ನೋಡಿದೆ. ಹತ್ತೂ ಅಲ್ಲಾಡಿದವು. ಅಬ್ಬಾ, ಹೋದ ಜೀವ ಬಂತು. ಮಾರನೆಯ ದಿನ ಕತ್ತಿಗೆ ಪಟ್ಟಿ ಹಾಕಿ ಎದ್ದು ಕೂರಿಸಿದರು. ನೆಲದ ಬದಲು ಕಿಟಕಿ ಕಂಡಿತು. ಕಿಟಕಿ ಪಕ್ಕದಲ್ಲಿ ಅತ್ತೆ ನಿಂತಿದ್ದರು.

"ಎಲ್ಲಿ, ತಲೆ ಎತ್ತಿ ಮಾತಾಡವ್ವ, ನೋಡಾನ," ಅಂದರು.

ನೋಡಿದೆ. ಅವರ ಕೆನ್ನೆ ಒಳಕ್ಕೆ ಹೋಗಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ.

"ಅತ್ತೆ, ನಿಮ್ ಅಲ್ಲು ಯಾವಾಗ ಬಿದ್ವು?" ಕೂತ ದನಿಯಲ್ಲೇ ಕೇಳಿದೆ.

"ಮೂರೊರ್ಸ ಆಯ್ತು ಕಣವ್ವ," ಅಂದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕೈ ಚಾಚಿ ಆ ಸೆರಗನ್ನು ಕೆಳಗೆಳೆದೆ. ಬೆರಳುಗಳು ಹೇಳಿದ ಮಾತು ಕೇಳಿದವು.