ಬಲಗೈಗೆ ಹಚ್ಚುವ ಎಣ್ಣೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕುಳಿತು, ಬೇರೆ ಏನೋ ಹೇಳಿ ಎದ್ದಿದ್ದೇನೆ. ಇವತ್ತು ಬೆಳಿಗ್ಗೆ, ಥಂಡಿಗೆ ಹೆಪ್ಪುಗಟ್ಟಿದ್ದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಕಟ್ಟೆಯ ಬಿಸಿಲಿಗೆ ಇಟ್ಟೆ. ಕರಗುತ್ತಲೇ ವಾಸನೆ ಬಂತು. ನನ್ನ ಮನೆಯಾಕೆಯ ಕೈಯ ವಾಸನೆ...

ಆಗ ನಾವು ಕಮಲಾಪುರದಲ್ಲಿದ್ದೆವು. ಅವಳಿಗೆ ಎದೆಯ ಕ್ಯಾನ್ಸರ್ ಆಗಿ, ಬಲಗಡೆಯ ಮೊಲೆ ತೆಗೆದರು. ಕಲಬುರಗಿಯ ಆಸ್ಪತ್ರೆಗೆ ನಾನೇ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಬರುವಾಗ ವಾಂತಿಯನ್ನು ನನ್ನ ಟವೆಲ್ಲಿನಲ್ಲೇ ಹಿಡಿದೆ. ದಿಂಬಿನ ಮೇಲೆ ಉದುರಿದ ಕೂದಲನ್ನು ಅವಳು ಏಳುವ ಮೊದಲೇ ಎತ್ತಿಹಾಕಿದೆ.

ಕೊನೆಗೆ ಡಾಕ್ಟರು ಪೂರಾ ಗುಣವಾಗಿದೆ ಎಂದರು. ಬೀಗರು ಪೇಡೆ ಹಂಚಿದರು. ನನಗೆ ಏನೂ ಅನಿಸಲಿಲ್ಲ. ಅವಳು ಸಾಯುತ್ತಾಳೆಂದು ನಾನು ಒಳಗೊಳಗೇ ಅತ್ತು ಮುಗಿಸಿಬಿಟ್ಟಿದ್ದೆ. ಬದುಕಿ ಬಂದವಳ ಜೊತೆ ಹೇಗಿರಬೇಕೆಂದು ತಿಳಿಯಲಿಲ್ಲ.

ಆಪರೇಷನ್ ಆದ ಕಡೆಯ ಕೈ ಬಾಯುತ್ತಿತ್ತು. ದಿನಾ ಎಣ್ಣೆ ಹಚ್ಚಿ ಮೆಲ್ಲಗೆ ಸವರಬೇಕೆಂದು ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿದ್ದರು. ತೋರಿಸಿದ್ದು ನನಗೆ. ಅವಳು ಬಾಟಲಿ ಹಿಡಿದು ಪಕ್ಕ ಕುಳಿತರೆ, ನಾನು ಇದು ಹೆಂಗಸರ ಕೆಲಸವೆಂದು ನಾವೆಲ್ಲ ಖಾಲಾ ಎನ್ನುತ್ತಿದ್ದ ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ಕರೆಯುತ್ತಿದ್ದೆ.

“ಭಾಯಿ, ನಿನ್ನ ಹೇಣ್ತಿ ಕೈ ಏನ್ ಕಾದ ಹಂಚೇನು, ಮುಟ್ಟಿದ್ರ ಸುಡ್ಲಾಕ?” ಎಂದಳು ಖಾಲಾ.

ನಕ್ಕು, ಚಪ್ಪಲಿ ಮೆಟ್ಟಿ, ನಾನು ಕೆಲಸ ಮಾಡುತ್ತಿದ್ದ ಕಿರಾಣಿ ಅಂಗಡಿಗೆ ಹೋದೆ. ಅದೇ ರೂಢಿಯಾಯಿತು.

ಒಮ್ಮೆ ಖಾಲಾ ಮಗಳ ಬಾಣಂತನಕ್ಕೆಂದು ಮೋಮಿನಪುರಕ್ಕೆ ಹೋದಳು. ಮನೆಯಾಕೆ ಬಾಟಲಿ ಹಿಡಿದು ನನ್ನ ಪಕ್ಕ ಕುಳಿತಳು. ಬೇರೆ ಯಾರನ್ನಾದರೂ ಕರೆಯಲೇ ಎಂದು ಕೇಳಿದೆ.

“ಎಣ್ಣಿ ಯಾರ್ ಹಚ್ಚಿದ್ರೂ ಬಾವು ಇಳೀತದರೀ,” ಎಂದಳು. “ನಾ ಅದಕ್ಕ ಕುಂತಿಲ್ಲ.”

ನಾನು ಪೇಪರ್ ನೋಡುತ್ತಿದ್ದೆ, ನೋಡುತ್ತಲೇ ಇದ್ದೆ. ಅವಳು ಎಡಗೈಯಿಂದ ತಾನೇ ಬಲಗೈಗೆ ಹಚ್ಚಿಕೊಂಡಳು. ಮತ್ತೆಂದೂ ಬಾಟಲಿ ಹಿಡಿದು ನನ್ನ ಪಕ್ಕ ಕೂರಲಿಲ್ಲ.

ಆಮೇಲೆ ಬಹಳ ವರ್ಷ ಬದುಕಿದಳು. ಖಾಲಾಳ ಜೊತೆ ನಗುತ್ತಿದ್ದಳು. ನನಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕುತ್ತಿದ್ದಳು. ಕೊನೆಗೆ ಹೋದದ್ದು ಕ್ಯಾನ್ಸರಿನಿಂದಲ್ಲ, ನಾಲ್ಕು ದಿನದ ಜ್ವರದಿಂದ. ಮಣ್ಣಿಗೆ ಒಯ್ಯುವ ಮುನ್ನ ನಮ್ಮ ಪದ್ಧತಿಯಂತೆ ಅವಳನ್ನು ಕೂರಿಸಿದಾಗ ಆ ಕೈ ಹಿಡಿದೆ. ಅಳು ಬರಲಿಲ್ಲ...

ಈಗ ಕಲಬುರಗಿಯ ಶಹಾಬಜಾರದಲ್ಲಿ ಮಗಳ ಮನೆಯಲ್ಲಿದ್ದೇನೆ. “ಅಪ್ಪಾ, ಎಣ್ಣಿ ಕರಗ್ಯದ. ಮೊಣಕಾಲಿಗಿ ಹಚ್ಲೇನು?” ಎಂದು ಅವಳು ಹೊರಗೆ ಬಂದು ಕೇಳಿದಳು. ಬೇಡ ಎಂದೆ.

ಜೀವಮಾನವಿಡೀ ಮನೆಯಾಕೆಯನ್ನು “ಏ, ಇಲ್ಲಿ ಬಾ” ಎಂದೇ ಕರೆದೆ. ತಪ್ಪಾಯಿತು ಎಂದು ಒಮ್ಮೆಯೂ ಹೇಳಲಿಲ್ಲ. ಹೇಳಬೇಕಿದ್ದವಳ ಹೆಸರು ಜಗದೇವಿ.