ನಾಗರಕಟ್ಟೆಯ ಮೇಲೆ ಬರಿಗಾಲು

ಹಿತ್ತಿಲ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಮಳೆ ಹಿಡಿಯುವ ಮೊದಲು ಉಪ್ಪು ಬೆರೆಸಿ ಮಡಕೆಗೆ ತುಂಬಬೇಕಾಗಿತ್ತು. ಪಕ್ಕದ ಮನೆಯಾಕೆ ಬೇಲಿಯ ಸಂದಿನಲ್ಲಿ ನುಗ್ಗಿ ಓಡಿಬಂದಳು.

"ಅಕ್ಕಾ, ನಿಮ್ಮ ಮೈದುನನ ಕಾಲಿಗೆ ಮಿಷಿನ್ ಬಡೀತು. ನಾಗರಕಟ್ಟೆ ತಾವ. ಹಳೇ ಬಟ್ಟೆ ಇದ್ರೆ ತಗಂಡು ಬನ್ನಿ, ಬಿರ್ರನೆ!"

ಕೈಯ ಅಂಟನ್ನೂ ತೊಳೆಯದೆ, ಯಜಮಾನರ ಒಗೆದ ಪಂಚೆಯೊಂದನ್ನು ಎಳೆದುಕೊಂಡು ಓಡಿದೆ.

ನಮ್ಮದು ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ರಸ್ತೆಯ ಮೇಲಿನ ಸಣ್ಣ ಊರು. ಎಂಬತ್ತರ ದಶಕದ ಮೊದಲ ವರ್ಷಗಳು. ಆ ವಾರ ಬೀಸಿದ ಗಾಳಿಗೆ ಈಶ್ವರನ ಗುಡಿಯ ಪಕ್ಕದ ಅರಳಿಮರ ಬುಡಸಮೇತ ಬಿದ್ದಿತ್ತು. ಅರ್ಧ ರಸ್ತೆಗೆ ಅಡ್ಡ, ಇನ್ನರ್ಧ ನಾಗರಕಲ್ಲುಗಳಿದ್ದ ಕಟ್ಟೆಯ ಮೇಲೆ. ಹಳೇಬೀಡಿನ ಬಸ್ಸು ಮರದ ಆಚೆಗೇ ಜನರನ್ನು ಇಳಿಸಿ ತಿರುಗಿ ಹೋಗುತ್ತಿತ್ತು. ಕೊಡಲಿಯಲ್ಲಿ ಕಡಿದು ಮುಗಿಯುವ ಮರವಾಗಿರಲಿಲ್ಲ.

ನನ್ನ ಮೈದುನ ಬೇಲೂರಿನ ಆಚೆ ಒಂದು ಕಾಫಿ ತೋಟದಲ್ಲಿ ಮಿಷಿನ್ ಗರಗಸದ ಕೆಲಸದಲ್ಲಿದ್ದ. ಊರಿನವರು ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದರು. ಅವನು ಸಾಹುಕಾರರನ್ನು ಕೇಳಿಕೊಂಡು, ಮಿಷಿನ್ನನ್ನು ಗೋಣಿಚೀಲದಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ.

ಅವತ್ತು ಬೆಳಿಗ್ಗೆ ಅಂಗಳದಲ್ಲಿ ಅದಕ್ಕೆ ಎಣ್ಣೆ ಹಾಕುತ್ತಿದ್ದಾಗ ದೂರದಿಂದಲೇ ಕೇಳಿದ್ದೆ: "ಇದು ಕಚ್ಚುತ್ತೇನೋ?"

"ಕಚ್ಚಲ್ಲ ಅತ್ತಿಗೆ, ಒದೀತದೆ. ಇದರ ಮೂತಿ ಯಾವ್ದಕ್ಕಾದ್ರೂ ತಗುಲಿದ್ರೆ ಹಿಂದಕ್ಕೆ ಒದೀತದೆ, ನಿಮ್ಮ ಕೆಂದ ಹಸು ಥರ. ಅದು ಒದ್ರೆ ಹಾಲು ಚೆಲ್ತದೆ, ಇದು ಒದ್ರೆ ನಾನೇ ಚೆಲ್ಲೋಯ್ತೀನಿ."

ಅತ್ತೆ ಗದರಿದರು: "ಬಿಡ್ತು ಅನ್ನೋ! ಹೊತ್ತಾರೆ ಎಂಥ ಮಾತಾಡ್ತೀಯ."

"ಬಿಡ್ತು ಕಣವ್ವ," ಎಂದು ನಕ್ಕ. ಕೊರಳಿನ ಟವೆಲ್ ತೆಗೆದು ಗೂಟಕ್ಕೆ ಹಾಕಿದ. ತೂಗಾಡುವ ಬಟ್ಟೆ ಮೈಮೇಲೆ ಇರಬಾರದಂತೆ. ಖಾಕಿ ಪ್ಯಾಂಟು, ಮುಂಭಾಗದಲ್ಲಿ ಕಬ್ಬಿಣ ಕೂರಿಸಿದ ಬೂಟು. ಬಿದ್ದ ಮರ ಸುಮ್ಮನೆ ಮಲಗಿರುವುದಿಲ್ಲ, ಕೊಂಬೆಗಳು ಬಿಲ್ಲಿನ ಹಾಗೆ ಬಗ್ಗಿ ಬಿಗಿಯಾಗಿರುತ್ತವೆ, ಎತ್ತ ಬಿಗಿ ಎಂದು ನೋಡಿ ಕೊಯ್ಯಬೇಕು ಎಂದೆಲ್ಲ ಹೇಳಿದ. ನನ್ನ ಒಲೆಯಿಂದ ಒಂದು ಮೊರ ಬೂದಿ ಕೇಳಿ ಪಡೆದು, ರಸ್ತೆಯಲ್ಲಿ ಗೆರೆ ಎಳೆದು, ಜನ ಅದನ್ನು ದಾಟಕೂಡದೆಂದು ಕಟ್ಟು ಮಾಡಿದ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಬಿಡಿಸಿಯೂ ಬಿಟ್ಟ.

ಉಳಿದದ್ದು ಕಟ್ಟೆಯ ಮೇಲಿನ ಕೊಂಬೆಗಳು. ಅಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ಯಜಮಾನರು ಆಮೇಲೆ ಹೇಳಿದರು. ಇವನು ಕಟ್ಟೆ ಹತ್ತಲು ಕಾಲೆತ್ತಿದಾಗ ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು ಕೂಗಿದರಂತೆ: "ಏನ್ಲಾ, ತೋಟ ಸೇರಿ ದೊರೆ ಆಗೋದ್ಯಾ? ನಾಗಪ್ಪನ ತಲೆ ಮೇಲೂ ಬೂಟಲ್ಲೇ ನಿಲ್ತೀಯೇನ್ಲಾ?"

"ಅಯ್ಯೋ, ಮರೆತಿದ್ದೆ ಮಾವ," ಎಂದವನೇ ಬೂಟು ಬಿಚ್ಚಿ ಕಟ್ಟೆಯ ಕೆಳಗೆ ಜೋಡಿಸಿಟ್ಟನಂತೆ. ಅವರು ಹೇಳಿದ್ದು ತಮಾಷೆಗೆ. ಹೇಳದಿದ್ದರೂ ಇವನು ಬಿಚ್ಚುತ್ತಿದ್ದ. ನಮ್ಮ ಮನೆಯಲ್ಲಿ ಬೆಳೆದವನು ನಾಗರಕಟ್ಟೆಗೆ ಮೆಟ್ಟು ಹಾಕಿಕೊಂಡು ಹತ್ತುವುದುಂಟೇ?

ಕೊನೆಯ ಕೊಂಬೆ ಎರಡು ನಾಗರಕಲ್ಲುಗಳ ಮೇಲೆ ಸೇತುವೆಯಂತೆ ಒರಗಿತ್ತು. ಮೇಲೆ ಸ್ವಲ್ಪ ಗಾಯ ಮಾಡಿ, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕಿತ್ತು. ಅದು ಅವನಿಗೆ ಗೊತ್ತಿತ್ತು. ಆದರೆ ಕೆಳಗಿನಿಂದ ಕೊಯ್ದರೆ ಮಿಷಿನ್ನಿನ ಹಲ್ಲಿನ ಸರಪಳಿ ನಾಗಪ್ಪನ ಹೆಡೆಗೆ ತಾಗೀತೆಂದು ಮೇಲಿನಿಂದಲೇ ಕೊಯ್ದ. ಅರ್ಧಕ್ಕೆ ಬಂದಾಗ ಕೊಂಬೆಯ ಭಾರಕ್ಕೆ ಸೀಳು ಮುಚ್ಚಿಕೊಂಡು ಮಿಷಿನ್ನನ್ನು ಕಚ್ಚಿ ಹಿಡಿಯಿತು. ಇವನು ಎಳೆದ. ಕೊಂಬೆ ಲಟಕ್ಕನೆ ಮುರಿಯಿತು. ತಿರುಗುತ್ತಿದ್ದ ಮಿಷಿನ್ ಒಮ್ಮೆಲೇ ಬಿಡಿಸಿಕೊಂಡು ಬರಿಗಾಲಿನ ಮೇಲೆ ಬಿತ್ತು.

ನಾನು ಹೋದಾಗ ಮೈದುನ ತನ್ನಣ್ಣನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಮುಖ ಬೂದಿಯಾಗಿತ್ತು. ನನ್ನನ್ನು ಕಂಡು, "ಅತ್ತಿಗೆ, ಕಲ್ಲಿಗೆ ಏನೂ ಆಗಿಲ್ಲ ತಾನೆ?" ಎಂದ.

"ಸುಮ್ನಿರೋ, ನಿನ್ ಕಾಲು ನೋಡ್ಕೋ," ಎಂದೆ. ಪಂಚೆ ಹರಿದು ಬಿಗಿಯಾಗಿ ಸುತ್ತಿದೆವು. ನನ್ನ ಕೈಯ ಹುಣಸೆಹುಳಿ ತಾಗಿತೋ ಏನೋ, ಒಮ್ಮೆ ಚೀರಿದ.

ಅಷ್ಟರಲ್ಲಿ ಹಳೇಬೀಡಿನ ಕಡೆಯಿಂದ ಹಾರನ್ ಕೇಳಿಸಿತು. ರಸ್ತೆ ಬಿಟ್ಟುಕೊಂಡಿದೆಯೆಂದು ಮರ ಬಿದ್ದ ಮೇಲೆ ಅವತ್ತೇ ಮೊದಲ ಸಲ ಬಸ್ಸು ಊರೊಳಗೆ ಬಂದಿತ್ತು. ಅಣ್ಣ ತಮ್ಮ ಇಬ್ಬರನ್ನೂ ಹತ್ತಿಸಿಕೊಂಡ ಡ್ರೈವರು ಅರಸೀಕೆರೆಯವರೆಗೆ ಎಲ್ಲೂ ನಿಲ್ಲಿಸಲಿಲ್ಲವಂತೆ. ದಾರಿಯಲ್ಲಿ ಇಳಿಯಬೇಕಾದವರೂ ಬಾಯಿ ಬಿಡಲಿಲ್ಲವಂತೆ. ಇವನೇ ಬಿಡಿಸಿದ ರಸ್ತೆ ಇವನಿಗೇ ಒದಗಿತು. ಅದು ಈಶ್ವರನ ದಯೆ; ಅದನ್ನು ನಾನು ಇವತ್ತಿಗೂ ಮೊದಲು ನೆನೆಯುತ್ತೇನೆ.

ಸಂಜೆ ಅತ್ತೆ ದೇವರ ಮುಂದೆ ಕೂತವರು ಏಳಲಿಲ್ಲ. "ಹಾಲೆರೆಯೋಕೆ ಹೋಗುವಾಗ ಮೆಟ್ಟು ಬಿಡು ಅಂತ ಕಲಿಸ್ದೆ. ಕೆಲಸಕ್ಕೆ ಹೋದಾಗ ಬಿಡಬೇಡ ಅಂತ ಕಲಿಸ್ಲಿಲ್ವಲ್ಲೇ," ಎಂದರು.

ಪಾದ ಉಳಿಯಿತು. ಹೆಬ್ಬೆರಳು, ಅದರ ಪಕ್ಕದ್ದು ಹೋದವು. ತೋಟದ ಸಾಹುಕಾರರು ಒಳ್ಳೆಯವರು, ಕಾಫಿ ಒಣಗಿಸುವ ಕಣದಲ್ಲಿ ಕೆಲಸ ಕೊಟ್ಟರು. ಆದರೆ ಇಳಿಜಾರಿನಲ್ಲಿ ಹಿಡಿತ ಸಿಗದ ಕಾಲಿಗೆ ಮಿಷಿನ್ ಕೊಡಲಿಲ್ಲ, ಕೊಡಕೂಡದು ಕೂಡ. ದೂರದಲ್ಲಿ ಅದರ ಸದ್ದು ಕೇಳಿದರೆ ಕಣದಲ್ಲಿ ಕೈ ನಿಂತುಬಿಡುತ್ತದೆ ಎನ್ನುತ್ತಿದ್ದ. ಒಂದು ಸುಗ್ಗಿ ಕಳೆದು ಬಿಟ್ಟು ಬಂದ. ಈಗ ಅರಸೀಕೆರೆಯಲ್ಲಿ ಕೊಬ್ಬರಿ ಅಂಗಡಿಯೊಂದರಲ್ಲಿ ಕೂರುತ್ತಾನೆ. ಯಾರನ್ನೂ ದೂರಿದವನಲ್ಲ. ನಾಗರಪಂಚಮಿಯಂದು ಹಾಲೆರೆಯುವಾಗ ನಾನು ಮಾತ್ರ ನಾಗಪ್ಪನನ್ನು ಕೇಳುತ್ತೇನೆ, ಅವನು ಬೂಟು ಹಾಕಿಕೊಂಡು ಹತ್ತಿದ್ದರೆ ನೀನು ಮುನಿಯುತ್ತಿದ್ದೆಯೇನಪ್ಪ ಎಂದು. ಮುನಿಯುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಅದಕ್ಕೇ ಸಂಕಟ ಹೆಚ್ಚು.

ಗಾಯವಾದ ಮರುದಿನ ಬೆಳಿಗ್ಗೆ ಯಜಮಾನರು ಆಸ್ಪತ್ರೆಯಿಂದ ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಅತ್ತೆ ಬಾಗಿಲಿಗೆ ಬಂದು ನಿಂತರು.

"ನಡೀತಾನೇನಪ್ಪ?"

"ನಡೀತಾನೆ ಕಣವ್ವ. ನಿಧಾನಕ್ಕೆ." ಆಮೇಲೆ ನನ್ನ ಕಡೆ ತಿರುಗಿ, "ರಾತ್ರಿಯಿಂದ ಏನೂ ಮುಟ್ಟಿಲ್ಲ. ಅತ್ತಿಗೆ ಕೈ ಗಂಜಿ ಆದ್ರೆ ಕುಡೀತೀನಿ ಅಂದ. ಮುಂದಿನ ಬಸ್ಸಿಗೆ ವಾಪಸ್ ಹೋಗ್ತೀನಿ," ಎಂದರು.

ಅಕ್ಕಿನುಚ್ಚನ್ನು ಮೊರಕ್ಕೆ ಸುರಿದುಕೊಂಡು, ಬೆಳಕಿಗೆ ಹಿಡಿದು, ಕಲ್ಲು ಆರಿಸತೊಡಗಿದೆ.