ಬಿಚ್ಚಿ ನೋಡುವ ಅಕ್ಕೋರು

ಯಾರು ಎಷ್ಟೇ ಖಚಿತವಾಗಿ ಏನು ಹೇಳಿದರೂ ಸುಮಿತ್ರಾ ಅಕ್ಕೋರು ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. “ಬಿಚ್ಚಿ ನೋಡೂಣು” ಅನ್ನುತ್ತಿದ್ದರು. ಹೂಲಿಯ ಶಾಲೆಯಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಅವರ ಚೀಲದಲ್ಲಿ ಸ್ವೆಟರ್ ಹೆಣೆಯುವ ಕಡ್ಡಿಯೊಂದು ಸದಾ ಇರುತ್ತಿತ್ತು. ಅದರಿಂದ ಹೂವು, ಹುಳದ ಗೂಡು, ಒಮ್ಮೆ ನನ್ನ ಕೆಟ್ಟ ವಾಚನ್ನೂ ಬಿಚ್ಚಿದ್ದರು. ವಾಚು ಮತ್ತೆ ನಡೆಯಲಿಲ್ಲ.

ತೊಂಬತ್ತರ ದಶಕದ ಮಾತು. ಊರಿನ ಹಳೆಯ ಗುಡಿಯೊಂದರ ಶಿಖರದಲ್ಲಿ ಗೂಗೆಗಳು ಗೂಡು ಮಾಡಿದ್ದವು. ಪಕ್ಕದ ಮನೆಯಲ್ಲಿ ಒಂದೇ ತಿಂಗಳಲ್ಲಿ ಇಬ್ಬರು ಹಾಸಿಗೆ ಹಿಡಿದರು. ಗೂಗೆಯ ಕೂಗೇ ಕಾರಣವೆಂದು, ಹೊಗೆ ಹಾಕಿ ಓಡಿಸಲು ಹಿರಿಯರು ನಿಶ್ಚಯಿಸಿದರು. ಅಕ್ಕೋರು ವಾದಕ್ಕಿಳಿಯಲಿಲ್ಲ. ಗೂಗೆಗಳು ತಿಂದು, ಅರಗದೆ ಉಗುಳಿದ್ದ ಕಪ್ಪು ಉಂಡೆಗಳನ್ನು ನಮ್ಮಿಂದ ಆರಿಸಿ ತರಿಸಿದರು. ಗುಡಿಯ ಕಟ್ಟೆಯ ಮೇಲೆ ಪೇಪರು ಹಾಸಿ, ಊರ ಗೌಡರು, ಹಿರಿಯರ ಎದುರೇ ಒಂದೊಂದನ್ನೂ ಬಿಡಿಸಿದರು. ಕೂದಲಿನ ನಡುವೆ ಇಲಿಗಳ ತಲೆಬುರುಡೆಗಳಿದ್ದವು.

“ಗೌಡ್ರ, ಇವು ಜೀವಂತ ಇದ್ದಿದ್ರ ಯಾರ ಜ್ವಾಳಾ ತಿಂತಿದ್ವು?”

ಗೌಡರು ಒಂದು ಬುರುಡೆ ಎತ್ತಿ ನೋಡಿ, “ನಮ್ಮದ ರೀ” ಅಂದರು. ಹೊಗೆ ಹಾಕುವ ಮಾತು ಅಲ್ಲಿಗೇ ನಿಂತಿತು.

ಎರಡು ವರ್ಷದ ಮೇಲೆ ಇಲಿಕಾಟ ಮಿತಿಮೀರಿತು. ಅಕ್ಕೋರೇ ಯರಗಟ್ಟಿಯಿಂದ ನೀಲಿ ಬಣ್ಣದ ವಿಷದ ಬಿಲ್ಲೆ ತರಿಸಿ, ಅದನ್ನು ಎಲ್ಲಿ, ಎಷ್ಟು ಇಡಬೇಕೆಂದು ಮನೆಮನೆಗೆ ಹೋಗಿ ಹೇಳಿಕೊಟ್ಟರು. ಇಲಿಗಳು ಸತ್ತವು. ಅದರ ಬೆನ್ನಿಗೇ ಗುಡಿಯ ಅಂಗಳದಲ್ಲಿ ಮೂರು ಗೂಗೆಗಳು ಸತ್ತು ಬಿದ್ದವು. ಒಂದನ್ನು ತರಗತಿಗೆ ತಂದು ಹೊಟ್ಟೆ ಬಿಚ್ಚಿದರು. ಅರೆ ಕರಗಿದ ಇಲಿ, ಅದರೊಳಗೆ ನೀಲಿ.

“ಇವನ್ನ ಕೊಂದಾಕಿ ನಾನ” ಅಂದರು. “ಇಲಿ ಸಾಯೂತನಕಾ ಅಷ್ಟ ಲೆಕ್ಕಾ ಹಾಕಿದೆ. ಸತ್ತ ಇಲಿ ಯಾರ ಹೊಟ್ಟಿಗೆ ಹೋಗ್ತದ ಅಂತ ವಿಚಾರ ಮಾಡಲಿಲ್ಲ.”

ಅಂದು ಸಂಜೆ ಅದೇ ಮನೆಗಳಿಗೆ ಹೋಗಿ, ತಪ್ಪಾಯಿತೆಂದು ಹೇಳಿ, ಉಳಿದ ಬಿಲ್ಲೆಗಳನ್ನು ವಾಪಸು ಇಸಿದುಕೊಂಡರು. ಕೆಲವರು ನಕ್ಕರು. ಕಲಿತವರೂ ತಪ್ಪುತ್ತಾರೆಂದು ಕೆಲವರಿಗೆ ಸಮಾಧಾನವೂ ಆದಂತಿತ್ತು.

ಅವರನ್ನು ಕೊನೆಯ ಸಲ ಕಂಡಾಗ ನಾನು ಯರಗಟ್ಟಿಯಲ್ಲಿ ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇಟ್ಟಿದ್ದೆ, ಅವರು ನಿವೃತ್ತರಾಗಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಒಳಗೆ ಬಂದು ಕುಳಿತು, ನಾನು ರೈತನೊಬ್ಬನಿಗೆ ಔಷಧದ ಡಬ್ಬಿ ಕೊಡುವುದನ್ನು ನೋಡಿದರು. ಅವನು ಹೋದ ಮೇಲೆ ಕೇಳಿದರು:

“ಯಾವ ಹುಳಾ ಬಿದ್ದದ ಅಂತ ಕೇಳಿದೇನು?”

ಕೇಳಿರಲಿಲ್ಲ. ಅವರು ಬೈಯಲಿಲ್ಲ. ಚಹಾ ಕುಡಿದು ಬಸ್ಸು ಹತ್ತಿದರು. ಮರುವರ್ಷ ತೀರಿಕೊಂಡರು.

ಈಗ ಔಷಧ ಕೇಳಿ ಬಂದವರಿಗೆ, ಮೊದಲು ಹುಳ ಬಿದ್ದ ಎಲೆ ತನ್ನಿ ಅನ್ನುತ್ತೇನೆ. ಅರ್ಧ ಜನ ಎದುರಿನ ಅಂಗಡಿಗೆ ಹೋಗುತ್ತಾರೆ. ಉಳಿದವರು ಎಲೆ ತರುತ್ತಾರೆ.